ಕಲ್ಲಹಳ್ಳಿ ಎಂಬ ನಾಯಿ

ದೆಹಲಿಯಲ್ಲಿ ಮೆಟ್ರೋ ಹೊಸದಾಗಿ ಓಡತೊಡಗಿದ್ದ ವರ್ಷ. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ನಾಯಿಮರಿ ತಂದ ದಿನವೇ ಐದನೇ ತರಗತಿಯ ಮಗಳು ಪಟ್ಟು ಹಿಡಿದಳು: ಮರಿಗೆ ಟಾಮಿ, ರಾಜು ಬೇಡ, ಸರ್‌ನೇಮೇ ಬೇಕು. ಕಾರಣ ಗೊತ್ತಿತ್ತು. ಶಾಲೆಯಲ್ಲಿ ಯಾರೋ "ಸರ್‌ನೇಮ್ ಕ್ಯಾ ಹೈ?" ಎಂದಾಗ ಇವಳು ಇಲ್ಲವೆಂದಿದ್ದಳು. ಇಡೀ ತರಗತಿ ನಕ್ಕಿತ್ತಂತೆ. ನಮ್ಮ ಹೆಸರಿಗೆ ಹಿಂದೆ ಬಾಲವಿಲ್ಲ, ಮುಂದೆ ಇನಿಷಿಯಲ್ ಇದೆ ಎಂದರೆ ಈ ಊರಿನಲ್ಲಿ ಕೇಳುವವರು ಯಾರು?

ಹುಡುಕಾಟ ಶುರುವಾಯಿತು. ಶರ್ಮಾ ಎಂದರೆ ಮೇಲ್ಮಹಡಿಯವರು, ಚಡ್ಡಾ ಎದುರುಮನೆಯವರು, ಮಿಶ್ರಾ ನನ್ನ ಮೇಲಧಿಕಾರಿ. ಬಾಲ್ಕನಿಯಿಂದ "ಶರ್ಮಾ, ಬಾ ಇಲ್ಲಿ" ಎಂದು ಕೂಗಿ, ಆಮೇಲೆ ಅವರೆದುರೇ ಮೆಟ್ಟಿಲಲ್ಲಿ ಓಡಾಡುವುದುಂಟೇ?

"ಯಾರೂ ಜಗಳಕ್ಕೆ ಬರದೇ ಇರೋದು ಒಂದಿದೆಯಲ್ಲ, ನಿಮ್ಮ ಕೆ.," ಎಂದಳು ಹೆಂಡತಿ, ಸೊಪ್ಪು ಬಿಡಿಸುತ್ತ.

ಕೆ. ಎಂದರೆ ಕಲ್ಲಹಳ್ಳಿ, ನಮ್ಮೂರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೂರ್ತಿ ಬರೆಯುತ್ತಿದ್ದೆ. ಆಫೀಸಿನವರು ಅದನ್ನು "ಖಾಲೀಜೀ" ಮಾಡಿದಾಗ ನಾಚಿಕೆಯಾಗಿ ಒಂದಕ್ಷರಕ್ಕೆ ಇಳಿಸಿದ್ದೆ. ಈಗ ಅದನ್ನು ನಾಯಿಗೆ ಇಡುವುದೇ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಮಗಳು ನಾಮಕರಣದಲ್ಲಿ ಹೇಳುವಂತೆ ಮರಿಯ ಕಿವಿಯಲ್ಲಿ ಮೂರು ಸಲ ಹೇಳಿ ಮುಗಿಸಿದ್ದಳು.

ವಾರದೊಳಗೆ ನೆರೆಹೊರೆಯವರ ಬಾಯಲ್ಲಿ ಅದು "ಕಲ್ಲೂ" ಆಯಿತು. ಹಿಂದಿಯಲ್ಲಿ ಕಲ್ಲೂ ಎಂದರೆ ಕರಿಯ. ನಮ್ಮದು ಕಂದು ನಾಯಿ. ತರಕಾರಿ ಭಯ್ಯಾ, "ಸಾಬ್, ಯೇ ತೋ ಭೂರಾ ಹೈ," ಎಂದು ತಲೆ ಕೆರೆದುಕೊಂಡ. ಮಗಳು ಒಬ್ಬರನ್ನೂ ಬಿಡದೆ ತಿದ್ದುತ್ತಿದ್ದಳು: "ಕಲ್ಲೂ ನಹೀ ಅಂಕಲ್, ಕಲ್ಲಹಳ್ಳಿ." ದೆಹಲಿಯಲ್ಲೇ ಬೆಳೆದ ಅವಳ ನಾಲಗೆಯಲ್ಲಿ ಳಕಾರ ಹೊರಳಿದ್ದು ಆ ನಾಯಿಯಿಂದಲೇ. ನಾನು ಆಫೀಸಿನಲ್ಲಿ ಒಂದು ದಿನವೂ ಯಾರನ್ನೂ ತಿದ್ದಿರಲಿಲ್ಲ.

ಅವಳು ಒಂಬತ್ತನೇ ತರಗತಿಗೆ ಬಂದಾಗ ಬೋರ್ಡ್ ಪರೀಕ್ಷೆಯ ನೋಂದಣಿ ಫಾರಂ ಬಂತು. ಅದರಲ್ಲಿ ಬರೆದ ಹೆಸರೇ ಜೀವನಪೂರ್ತಿ. ಸರ್‌ನೇಮ್ ಜಾಗದಲ್ಲಿ, ಇಲ್ಲಿನ ಎಷ್ಟೋ ಕನ್ನಡದ ಅಪ್ಪಂದಿರಂತೆ, ನನ್ನ ಹೆಸರನ್ನೇ ತುಂಬಲು ಪೆನ್ನು ತೆಗೆದೆ.

"ಅಪ್ಪಾ, ಕಲ್ಲಹಳ್ಳಿ ಅಂತ ಬರೀರಿ."

"ಅದು ನಾಯಿ ಹೆಸರಲ್ವೇನೇ?"

"ನಾಯಿಗೆ ಕೊಟ್ರಿ, ನಂಗ್ಯಾಕೆ ಕೊಡಲ್ಲ?"

ಬಹಳ ನಾಚಿಕೆಯಾಯಿತು. ಬರೆಯಲು ಹೊರಟರೆ ಇಂಗ್ಲಿಷಿನಲ್ಲಿ ಎಷ್ಟು ಎಲ್ ಹಾಕುತ್ತಿದ್ದೆನೆಂಬುದೇ ಮರೆತುಹೋಗಿತ್ತು. ಮಗಳು ಎದ್ದುಹೋಗಿ ನಾಯಿಯ ಲಸಿಕೆ ಕಾರ್ಡು ತಂದು ಮುಂದಿಟ್ಟಳು. ಅದನ್ನು ನೋಡಿಕೊಂಡು ನಮ್ಮೂರಿನ ಹೆಸರು ಬರೆದೆ.