ಹೆಸರಿಡದ ಗುಂಡಿ

ಓವರ್‌ಸಿಯರ್ ಕಾಶಪ್ಪ ರಸ್ತೆಯ ಗುಂಡಿಗಳಿಗೆ ಹೆಸರಿಡುತ್ತಿದ್ದರು. ಹುಮನಾಬಾದಿನಿಂದ ಕೊಡಂಬಲಕ್ಕೆ ಜೀಪಿನಲ್ಲಿ ಹೋಗುವಾಗ ಕೊಡೆಯ ತುದಿಯಿಂದ ತೋರಿಸುತ್ತ, "ಇದು ಇಂಜಿನಿಯರ್ ಗುಂಡಿ. ಬಾಯಿ ದೊಡ್ಡದು, ತಳ ಇಲ್ಲ. ಅದು ಟೈಪಿಸ್ಟ್ ಗುಂಡಿ. ಸಣ್ಣದು, ಆದ್ರ ಎಲ್ಲಾರನ್ನೂ ಕುಲುಕ್ತದ" ಎನ್ನುತ್ತಿದ್ದರು. ಟೈಪಿಸ್ಟ್ ನಾನೇ. ಬಸವಕಲ್ಯಾಣದಿಂದ ಬಂದು ವರ್ಷ ತುಂಬುವುದರೊಳಗೆ ಕಚೇರಿಯ ಎಲ್ಲರ ದನಿಯನ್ನೂ ಅಣಕಿಸಿ ಮುಗಿಸಿದ್ದೆ. ಬೈಸಿಕೊಳ್ಳುವಾಗಿನ ನನ್ನ ದನಿಯನ್ನೂ. ಅದಕ್ಕೇ ಕಾಶಪ್ಪ ನನ್ನನ್ನು ನಕಲಿ ಎಂದು ಕರೆಯುತ್ತಿದ್ದರು.

ಹಳ್ಳದ ಹತ್ತಿರದ ಗುಂಡಿಗೆ ಮಾತ್ರ ಹೆಸರಿರಲಿಲ್ಲ. ಕೊಡಂಬಲಕ್ಕೆ ಕೊಟ್ಟ ತಮ್ಮ ಮಗಳನ್ನು ಅವರು ಹೆರಿಗೆಗೆ ಹುಮನಾಬಾದಿನ ಆಸ್ಪತ್ರೆಗೆ ತರುವಾಗ ಜೀಪು ಅಲ್ಲೇ ಹೂತುಕೊಂಡು, ಕೂಸು ಉಳಿದಿರಲಿಲ್ಲ. ಅದು ಬಂದರೆ ಕಾಶಪ್ಪ ಕೊಡೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು.

ಹೀಗಿರುವಾಗ ಬೆಂಗಳೂರಿನಿಂದ ಕಾಗದ ಬಂತು. ಅರ್ಧ ದುಡ್ಡು ಸರ್ಕಾರದ್ದು, ಅರ್ಧ ಪರದೇಶದ ಕಂಪನಿಯದು. ಇಬ್ಬರೂ ಸೇರಿ ಡಾಂಬರು ರಸ್ತೆ, ಸೇತುವೆ ಕಟ್ಟುವುದು, ಆಮೇಲೆ ಕಂಪನಿಯವರು ಓಡಾಡುವ ಲಾರಿಗಳಿಂದ ಸುಂಕ ವಸೂಲಿ ಮಾಡುವುದು. ರಸ್ತೆ ನೋಡಲು ಕಂಪನಿಯವರೇ ಬರುವವರಿದ್ದರು. ಕಾಶಪ್ಪ ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದರು. "ಇದೊಂದು ಆಗ್ಲಿ. ಇನ್ನೊಂದು ಸರ್ತಿ ಆಕೀನ ಆ ಹಾದ್ಯಾಗ ತರಾಕ ನನ್ನ ಕೈಲಿ ಆಗೂದಿಲ್ಲ."

"ಸಾಹೇಬ್ರ, ಬಿಳೀ ಅಂಗಿಗೆ ಧೂಳ ಹತ್ತಿದ್ರ ಅವ್ರು ರೊಕ್ಕ ಹಾಕ್ತಾರೇನ್ರಿ?" ಎಂದೆ, ಇಂಜಿನಿಯರರ ಮೂಗಿನ ದನಿಯಲ್ಲಿ. ತಮಾಷೆಗೆ.

ಅವರು ನಗಲಿಲ್ಲ. "ಖರೇ ಅದ. ಬೀಗರು ಬರ್ತಾರಂದ್ರ ಅಂಗಳ ಸಾರಸ್ತೀವಿಲ್ಲೋ?" ಎಂದವರೇ ಎರಡು ದಿನ ಆಳು ಹಚ್ಚಿ ಗುಂಡಿಗಳಿಗೆಲ್ಲ ಗರಸು ಮಣ್ಣು ತುಂಬಿಸಿ, ರೋಲರ್ ಹೊಡೆಸಿ, ನೀರು ಚಿಮುಕಿಸಿದರು. ಹೆಸರಿಲ್ಲದ ಗುಂಡಿಯನ್ನು ತಾವೇ ನಿಂತು ತುಳಿದರು.

ಕಂಪನಿಯವರು ಕಾರಿನಲ್ಲಿ ಸರ್ರನೆ ಹೋಗಿ ಸರ್ರನೆ ಬಂದರು. ಜೊತೆಗಿದ್ದ ಬೆಂಗಳೂರಿನ ಅಧಿಕಾರಿ ಗಾಜು ಇಳಿಸಿ, "ರಸ್ತೆ ಚೆನ್ನಾಗೇ ಇದೆಯಂತೆ ಕಣ್ರೀ. ಇದಕ್ಕಿಂತ ಕೆಟ್ಟದ್ದು ಬೇರೆ ಕಡೆ ಇದೆ, ಅಲ್ಲಿಗೆ ಹೊರಟಿದ್ದಾರೆ" ಎಂದರು.

"ಸರ್, ಇದು ನಿನ್ನೆ ಮಾಡಿದ್ದರಿ. ಅಗದು ತೋರಸ್ತೇನಿ, ನಿಲ್ರಿ." ಕಾಶಪ್ಪ ಕಾರಿನ ಹಿಂದೆ ಓಡಿದರು. ಅದು ಕಣ್ಮರೆಯಾದ ಮೇಲೂ ಕೂತು ಕೊಡೆಯಿಂದ ಗರಸು ಕೆದರುತ್ತಲೇ ಇದ್ದರು.

ಮೊದಲ ಮಳೆಗೇ ಗರಸು ಕೊಚ್ಚಿಹೋಯಿತು. ಮರುವರ್ಷ ಅವರು ನಿವೃತ್ತರಾದರು. ನಾನು ಅವರನ್ನು ಕೊನೆಯ ಸಲ ಕಂಡಿದ್ದು ಅದೇ ಹಳ್ಳದಲ್ಲಿ, ಮಳೆಗಾಲದಲ್ಲಿ. ಚಕ್ಕಡಿಯಲ್ಲಿ ಎರಡು ಗಾದಿ ಹಾಸಿ ತುಂಬು ಬಸುರಿ ಮಗಳನ್ನು ಮಲಗಿಸಿದ್ದರು. ತಾವು ಎತ್ತುಗಳ ಮುಂದೆ ಮೊಣಕಾಲ ನೀರಿನಲ್ಲಿ, ಕೊಡೆಯಿಂದ ತಳ ತಡವುತ್ತ. ನೀರು ಕಂಡು ದಡದಲ್ಲೇ ನಿಂತಿದ್ದ ಬಸ್ಸಿನಿಂದ ನಾನು ಇಳಿದೆ.

"ಬಾರಲೇ ನಕಲಿ. ಇದರ ಆಳ ನನಗ ಗೊತ್ತದ. ನೀ ಗಾಲಿ ಹಿಡಿ."

ಹಿಡಿದೆ. ದಾಟಿದೆವು. ಆ ಕೂಸು ಉಳಿಯಿತು.

ಕಾಶಪ್ಪ ತೀರಿಕೊಂಡು ಎರಡು ವರ್ಷವಾಯಿತು. ಸೇತುವೆ ಇನ್ನೂ ಆಗಿಲ್ಲ. ಜೀಪಿನವರು ಈಗ ಹಳ್ಳದ ಆ ಗುಂಡಿಯನ್ನು ಓವರ್‌ಸಿಯರ್ ಗುಂಡಿ ಎನ್ನುತ್ತಾರೆ. ಹೆಸರಿಟ್ಟವನು ನಾನಲ್ಲ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ.