ಗ್ಯಾಲರಿಯ ಮೊಳೆಗಳು

ಭಾನುವಾರ ಸಂಜೆ ನಮ್ಮ ಚಾಳಿನ ಗ್ಯಾಲರಿಯಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ. ಅದು ನಮ್ಮವರ ಗಾಳದ ದಾರ ಒಣಗುವ ಹೊತ್ತು. ಅವರು ತೀರಿಕೊಂಡು ಒಂದು ಮಳೆಗಾಲವೇ ಕಳೆಯಿತು. ಆದರೂ ಪಕ್ಕದ ಖೋಲಿಯ ಗಂಗವ್ವ ಭಾನುವಾರ ತಪ್ಪದೆ ತನ್ನ ಸೀರೆ ತೆಗೆದು, ದಾರ ಕಟ್ಟುವ ಮೊಳೆಗಳನ್ನು ಖಾಲಿ ಮಾಡುತ್ತಾಳೆ. ಇನ್ನು ದಾರ ಬರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ನಮ್ಮವರದು ಹಲಗೆ ಗಾಳ. (ನೋಡದವರಿಗಾಗಿ ಹೇಳುತ್ತೇನೆ.) ಮೊಳದುದ್ದದ ಹಲಗೆ, ಮೂತಿ ಓರೆ, ಅಡಿಯಲ್ಲಿ ಸೀಸದ ತುಂಡು. ಅದಕ್ಕೊಂದು ಹುರಿ ಕಟ್ಟಿ ದೋಣಿ ನಡೆಸಿದರೆ ಹಲಗೆ ಹಿಂದೆ ಬರುವುದಿಲ್ಲ, ಪಕ್ಕಕ್ಕೆ ಸರಿದು ದಂಡೆಯ ಹತ್ತಿರ ಹೋಗುತ್ತದೆ. ದೋಣಿಗೆ ಹೆದರಿದ ಮೀನು ಇರುವುದು ಅಲ್ಲೇ ಅಲ್ಲವೇ? ಗಾಳದ ದಾರವನ್ನು ಹಲಗೆಯ ಮೇಲಿನ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿರಬೇಕು. ಮೀನು ಕಚ್ಚಿದೊಡನೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳಬೇಕು. ಅವರು ಹುಟ್ಟು ಹಾಕುತ್ತಿದ್ದರು. ದಾರ ಬಿಡುವ ಕೆಲಸ ನನ್ನದು.

ಕಳೆದ ವಾರ ಮೈದುನ ಶೀನ ಬಂದ. ಘಾಟ್ಕೋಪರ್‌ನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಕೈಯಲ್ಲಿ ನೈಲಾನ್ ದಾರದ ಸುರುಳಿ.

“ಭಾನುವಾರ ವರ್ಸೋವಾಕ್ಕೆ ಹೋಗುವ, ಅತ್ತಿಗೆ.”

“ನಾನು ಬರುವುದಿಲ್ಲ.”

“ಹುಟ್ಟು ಹಾಕುವವ ನಾನು. ದಾರ ಬಿಡ್ಲಿಕ್ಕೆ ಯಾರುಂಟು? ನನಗೆ ನಾಲ್ಕು ಕೈ ಇಲ್ಲ ಮಾರಾಯ್ರೆ.”

“ಹಾಗಾದರೆ ಅವರ ದಾರವೇ ಆಗಬೇಕು. ಇದು ಬೇಡ.”

ಅವನು ಮೂಲೆಯಿಂದ ಅಣ್ಣನ ದಾರವನ್ನು ತೆಗೆದ. ಹಳೆಯ ಹತ್ತಿ ದಾರವನ್ನು ಎರಡೂ ಕೈಗೆ ಸುತ್ತಿ ಎಳೆದ. ಪಟ್ಟೆಂದು ಹರಿಯಿತು. ಆಗಲೇ ಬೇಕಲ್ಲ. ಕೊನೆಯ ಸಲ ವರ್ಸೋವಾದ ಖಾಡಿಯಿಂದ, ಆ ಸಮುದ್ರದ ಹಿನ್ನೀರಿನಿಂದ, ಅವರು ಜ್ವರದಲ್ಲಿ ಮರಳಿದರು. ಒದ್ದೆ ದಾರ ಸುತ್ತಿದಂತೆಯೇ ಉಳಿಯಿತು. ಒಣಗದ ಹತ್ತಿ ಕೊಳೆಯದೆ ಇನ್ನೇನು ಮಾಡೀತು?

ಭಾನುವಾರ ಹೋದೆ. (ಗಂಡ ಹೋದವಳಿಗೆ ದೋಣಿ ಏಕೆ ಎಂದವರೂ ಇದ್ದಾರೆ. ಮನೆಯೊಳಗೆ ಕೂತು ನೋಡಿದ್ದೇನೆ, ಅದರಿಂದಲೂ ಅವರು ಬರಲಿಲ್ಲ.) ಸುಮ್ಮನೆ ಇರಲಿ ಎಂದು ಹಳೆಯ ದಾರವನ್ನೂ ಚೀಲಕ್ಕೆ ಹಾಕಿಕೊಂಡೆ.

ನೈಲಾನ್ ಮೊದಲಿಗೇ ಹಟ ಹಿಡಿಯಿತು. ಸುರುಳಿಯ ಗುಂಗುರು ಬಿಡಲೊಲ್ಲದು. ನೀರಲ್ಲಿ ನೆನೆಸಿ, ಎಳೆದು ನೀವಿದೆ. ಗಂಟು ಜಾರಿತು. ಇನ್ನೆರಡು ಸುತ್ತು ಹೆಚ್ಚು ಹಾಕಿ ಬಿಗಿದೆ. ಕ್ಲಿಪ್ಪಿಗೆ ಸಿಕ್ಕಿಸಿದರೆ ಅಲ್ಲಿಯೂ ಜಾರಿತು! ಹಲಗೆಯೊಂದೇ ದಂಡೆಯತ್ತ ಹೊರಟುಹೋಯಿತು, ದಾರ ನನ್ನ ಕೈಯಲ್ಲೇ.

“ಅಣ್ಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಬೈಗುಳ ಶುರು,” ಎಂದ ಶೀನ.

“ಹಲಗೆಗೆ ಬೈಯುತ್ತಿದ್ದರು. ನನಗಲ್ಲ.”

ಹಲಗೆಯನ್ನು ಎಳೆದುಕೊಂಡೆ. ಚೀಲದಲ್ಲಿದ್ದ ಹಳೆಯ ಹತ್ತಿ ದಾರದ ಒಂದು ಗೇಣು ಹರಿದು, ಕ್ಲಿಪ್ಪಿನ ಎರಡೂ ತುಟಿಗೆ ಸುತ್ತಿದೆ. ಈಗ ನೈಲಾನ್ ನಿಂತಿತು. ತೀರಾ ಬಿಗಿ ಮಾಡಲಿಲ್ಲ. ಬಿಡಬೇಕಾದಾಗ ಬಿಡಲೂ ಬೇಕಲ್ಲ.

ದಂಡೆಯ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಪಕ್ಕ ಹಲಗೆ ಸಾಗುತ್ತಿದ್ದಂತೆ ದಾರ ಟಪ್ಪನೆ ಕಳಚಿತು. ಹಳೆಯ ಅಭ್ಯಾಸದಿಂದ ಜೋರಾಗಿ ಜಗ್ಗಿದೆ. ಆ ಕೊಳೆತ ಹತ್ತಿಯಾಗಿದ್ದರೆ ಆ ಎಳೆತಕ್ಕೆ ತುಂಡಾಗುತ್ತಿತ್ತೇನೋ. ನೈಲಾನ್ ರಬ್ಬರಿನಂತೆ ಹಿಗ್ಗಿ ತಡೆದುಕೊಂಡಿತು. ರಾವಸ್ ಮೀನು ಬಂತು, ಎರಡು ಮನೆಗೆ ಸಾಲುವಷ್ಟು. ಶೀನ ಹುಟ್ಟು ನಿಲ್ಲಿಸಿ ಬೇರೆ ಕಡೆ ನೋಡುತ್ತ ಕೂತ. ನಾನೂ ಕ್ಲಿಪ್ಪಿನಲ್ಲೇ ಉಳಿದಿದ್ದ ಹತ್ತಿಯನ್ನು ನೋಡಿದೆ.

ಸಂಜೆ ಮನೆಗೆ ಬಂದಾಗ ಗಂಗವ್ವ ಸೀರೆ ಮಡಚುತ್ತಿದ್ದಳು.

“ಬಂದ್ರೇನ್ರೀ? ಮೊಳಿ ಖಾಲಿ ಮಾಡೇನಿ ನೋಡ್ರಿ. ದಾರಾ ಕಟ್ಟರಿ.”

ನೈಲಾನ್ ಕೊಳೆಯುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಸುತ್ತಿಟ್ಟರೆ ಮುಗಿಯಿತು. ಆದರೂ ದಾರದ ಸುರುಳಿ ಬಿಚ್ಚಿದೆ. ಈ ಮೊಳೆಯಿಂದ ಆ ಮೊಳೆಗೆ ದಾರ ಎಳೆದು ಕಟ್ಟಿದೆ.

ಮುಂದಿನ ಭಾನುವಾರವೂ ಮೊಳೆ ಖಾಲಿ ಇರಬೇಕಲ್ಲ?