ಕೆಮ್ಮಿ ಹೊಲಕ್ಕೆ ಹೋಗುತ್ತಿದ್ದ ಅಮರಪ್ಪ ಮಾವ

ನಮ್ಮ ಅಮರಪ್ಪ ಮಾವ ತನ್ನ ಹೊಲಕ್ಕೆ ತಾನೇ ಕಾಲಿಡುವ ಮುಂಚೆ ಕೆಮ್ಮುತ್ತಿದ್ದ. ದಮ್ಮಿನ ಕೆಮ್ಮಲ್ಲ, ಬೀಡಿಯ ಕೆಮ್ಮೂ ಅಲ್ಲ. ಹೆಣ್ಣುಮಕ್ಕಳಿರುವ ಮನೆಗೆ ಹೋಗುವಾಗ ಗಂಡಸು ಹೊಸ್ತಿಲಾಚೆ ನಿಂತು ಕೆಮ್ಮುತ್ತಾನಲ್ಲ, ಅಂಥ ಮರ್ಯಾದೆಯ ಕೆಮ್ಮು. ಬೇಲಿಯ ಸಂದಿನಲ್ಲಿ ನಿಂತು, ಹೆಗಲ ಟವೆಲು ಸರಿಮಾಡಿಕೊಂಡು ಕೆಮ್ಮಿ, "ಬಂದೀನ್ರಪೋ, ಒಂಚೂರು ಸರೀರಿ" ಅನ್ನುತ್ತಿದ್ದ. ಶೇಂಗಾ ಬಳ್ಳಿಗಳ ನಡುವಿನಿಂದ ಹಂದಿಯೋ ಚಿಗರಿಯೋ ಎದ್ದು, ಅವಸರವೇ ಇಲ್ಲದೆ ಗುಡ್ಡದ ಕಡೆ ನಡೆಯುತ್ತಿತ್ತು.

"ಅಲ್ಲ ಮಾವ, ಹೊಲ ನಿಂದು. ನೀ ಯಾಕ ಕೆಮ್ಮಬೇಕು?" ಎಂದು ನಾನು ನಗುತ್ತಿದ್ದೆ.

"ಉಣ್ಣಾಕತ್ತಿರ್ತಾವಲೇ. ಉಣ್ಣೋರ ಮುಂದ ದಿಢಗ್ಗನ ಹೋಗಿ ನಿಂದರಬಾರದು."

ಎಂಬತ್ತರ ಆಚೀಚಿನ ಮಾತು. ನಾನು ಮುದಗಲ್ಲಿನಲ್ಲಿ ಓದುತ್ತಿದ್ದೆ. ರಜೆ ಬಂತೆಂದರೆ ಸಂತೆಕಲ್ಲೂರಿನಲ್ಲಿ ಬಸ್ಸಿಳಿದು, ಜಾಲಿಮುಳ್ಳಿನ ಕಾಲುದಾರಿ ಹಿಡಿದು ಮಾವನ ಹೊಲಕ್ಕೆ ನಡೆಯುತ್ತಿದ್ದೆ. ಊರೊಳಗಿನ ಮನೆ ಬಿಟ್ಟು ಗುಡ್ಡದ ಬುಡದಲ್ಲೇ ಕಲ್ಲು ಮಣ್ಣಿನ ಮನೆ ಕಟ್ಟಿಕೊಂಡಿದ್ದ. ಮಾಳಿಗೆಯ ಮಣ್ಣನ್ನು ನವಿಲುಗಳು ಕೆದರಿ ಕೆದರಿ ಮಳೆಗಾಲದಲ್ಲಿ ಅಡಿಗೆಮನೆ ಸೋರುತ್ತಿತ್ತು. ಅತ್ತೆ ಬೆಳಿಗ್ಗೆ ಅಂಗಳ ಗುಡಿಸುವ ಮುಂಚೆ ಹೆಜ್ಜೆ ನೋಡಿ, "ಇವತ್ತ ನರಿ ಬಂದು ಹೋಗೇತಿ, ಕೋಳಿ ಎಣಿಸ್ರಿ" ಅನ್ನುವಳು. ಎತ್ತು ಕುಡಿದು ಬಿಟ್ಟ ಕಲ್ಲುದೋಣಿಯ ನೀರನ್ನು ಚೆಲ್ಲುವಂತಿರಲಿಲ್ಲ. ಅದು ಗುಡ್ಡದವರ ಪಾಲು. "ನನ್ನ ತವರಿನವರು ಬಂದ್ರ ನಿಮ್ಮ ಮಾವಗ ನಾಲಿಗಿನs ಏಳೂದಿಲ್ಲ. ಹಂದಿ ಬಂದ್ರ ಮಾತು ಹೆಂಗ ಬರ್ತಾವ ನೋಡು" ಎಂದು ಅತ್ತೆ ನನ್ನ ಮುಂದೆ ಹಂಗಿಸುವಳು.

ಎಳ್ಳಮಾಸಿಗೆ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಕಡುಬು, ಸಜ್ಜೆರೊಟ್ಟಿ, ಪುಂಡಿಪಲ್ಯ ಕಲಸಿ ಭೂಮಿತಾಯಿಗೆ ಎರಚಿ ಬರುತ್ತಾರೆ. ಮಾವ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮೂಲೆಯ ಬನ್ನಿಗಿಡದ ಕೆಳಗೆ ಒಂದು ಬುಟ್ಟಿಯಷ್ಟು ಸುರಿದು, ಗುಡ್ಡಕ್ಕೆ ಮುಖಮಾಡಿ, ಬೀಗರನ್ನು ಊಟಕ್ಕೆ ಎಬ್ಬಿಸುವ ಹಾಗೆ ಕೂಗುತ್ತಿದ್ದ: "ಬರ್ರೆಪೋ, ಉಂಡು ಹೋಗ್ರಿ!"

ನಿಜವಾದ ಬೀಗರು ದಢೇಸುಗೂರಿನವರು. ಕಾಲುವೆ ನೀರು, ಭತ್ತದ ಗದ್ದೆ. ಮಗಳನ್ನು ಅಲ್ಲಿಗೆ ಕೊಟ್ಟಿದ್ದ. ಬೀಗರು ಒಮ್ಮೆ ಬಂದವರು ಬೆಳಿಗ್ಗೆ ಚೊಂಬು ಹಿಡಿದು ಬೇಲಿಮರೆಗೆ ಹೋಗಿ, ಚೊಂಬು ಅಲ್ಲೇ ಬಿಟ್ಟು, ಧೋತರ ಕೈಯಲ್ಲಿ ಹಿಡಿದು ಓಡಿಬಂದರು. ಪೊದೆಯಲ್ಲಿ ಹಂದಿ ಇತ್ತಂತೆ. "ಕೆಮ್ಮಿ ಹೋಗಬೇಕಿತ್ರೀ ಬೀಗರ. ಅದೂ ಪಾಪ ಅದಕ್ಕs ಬಂದಿತ್ತೋ ಏನೋ" ಅಂದ ಮಾವ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಳು. ಬೀಗರು ನಗಲಿಲ್ಲ.

ಅದರ ಬಡ್ಡಿ ಅವರು ಮಗಳ ಕುಬಸದ ದಿನ ವಸೂಲಿ ಮಾಡಿಕೊಂಡರು. ಬಸುರಿಯ ಕುಬಸಕ್ಕೆ ತವರಿನವರು ಶೇಂಗಾ ಹೋಳಿಗೆಯ ಬುತ್ತಿ ಒಯ್ಯಬೇಕು. ಆ ವರ್ಷ ಹಂದಿಗಳು ಹೊಲವನ್ನು ರಂಟೆ ಹೊಡೆದ ಹಾಗೆ ಹೊರಳಿಸಿದ್ದವು. ಅತ್ತೆ ಮಸ್ಕಿ ಸಂತೆಯ ಶೇಂಗಾ ತಂದು ಹೋಳಿಗೆ ಮಾಡಿದಳು. ಅದು ಹೇಗೋ ಬೀಗರ ಕಿವಿಗೆ ಬಿತ್ತು. ತುಂಬಿದ ಪಂಕ್ತಿಯಲ್ಲಿ ಅವರು ಹೋಳಿಗೆ ಮುರಿದು, "ನಮ್ಮ ಬೀಗರು ಹೊಲ ಹಂದಿಗೆ ಲಾವಣಿ ಕೊಟ್ಟಾರ. ಅವು ಮಾಲಕರ ಪಾಲಿನ ಕೋರು ಸುದ್ದ ಕೊಡವಲ್ವು!" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಗಳು ಹಸಿರು ಸೀರೆಯಲ್ಲಿ ತಲೆತಗ್ಗಿಸಿ ಕೂತಿದ್ದಳು. ಮಾವ ಅವಳನ್ನೇ ನೋಡುತ್ತಿದ್ದ. ತಿರುಗಿ ಬರುವಾಗ ಸಿಂಧನೂರಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಅತ್ತೆ ಚಹಾ ತಂದುಕೊಟ್ಟರೆ ಮುಟ್ಟಲಿಲ್ಲ.

ಮುಂದಿನ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಾವ ಬೇಟೆಗಾರನೊಬ್ಬನಿಂದ ಮದ್ದಿನ ಉಂಡೆ ತಂದ. ಕಚ್ಚಿದರೆ ಸಿಡಿಯುವಂಥದ್ದು. ಅದನ್ನು ಇಟ್ಟದ್ದು ಬನ್ನಿಗಿಡದ ಕೆಳಗೆ, ಚರಗ ಚೆಲ್ಲುವ ಜಾಗದಲ್ಲಿ.

ನಾನು ರಜೆಗೆ ಬಂದಿದ್ದೆ. ಬೆಳಕು ಹರಿಯುವಾಗ ಸಿಡಿದ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ ರಕ್ತ ಇತ್ತು, ಹಂದಿ ಇರಲಿಲ್ಲ. ಮಟಮಟ ಮಧ್ಯಾಹ್ನ ತಾನೇ ಬಂತು. ಹೆಣ್ಣುಹಂದಿ, ಹಿಂದೆ ಗೆರೆಗೆರೆಯ ಮರಿಗಳು. ಕೆಳದವಡೆ ಜೋತುಬಿದ್ದಿತ್ತು. ದೋಣಿಗೆ ಬಾಯಿ ಅದ್ದಿದರೆ ನೀರು ಒಳಗೆ ಹೋಗದೆ ಹಾಗೇ ಸುರಿಯುತ್ತಿತ್ತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡ.

"ಹೋದಳೇನಲೇ?" ಒಳಗಿಂದ ಕೇಳಿದ.

"ಇಲ್ಲ ಮಾವ."

ದಿನಾ ಬರತೊಡಗಿತು. ದಿನಾ ಕದ ಬೀಳುತ್ತಿತ್ತು. ಹಂದಿಗಳಿಗೆ ಹಿಡಿಶಾಪ ಹಾಕುತ್ತಿದ್ದ ಅತ್ತೆಯೇ ತೆಳ್ಳಗೆ ಅಂಬಲಿ ಕಾಸಿ, ಆರಿಸಿ ದೋಣಿಗೆ ಹೊಯ್ದಳು. ಗಂಡನ ಮೇಲೆ ರೇಗಿದಳು: "ಹೊರಗ ಬರ್ರಿ. ಆಕಿ ಏನು ನಿಮ್ಮನ್ನ ತಿಂತಾಳೇನು?"

"ತಿನ್ನಾಕ ಬಾಯಿ ಎಲ್ಲಿ ಬಿಟ್ಟೀನಿ ಆಕಿಗೆ?"

ಅತ್ತೆ ಇನ್ನೊಂದು ಸೌಟು ಅಂಬಲಿ ದೋಣಿಗೆ ಹೊಯ್ದಳು.

ಕೊನೆಗೊಂದು ದಿನ ಮರಿಗಳಷ್ಟೇ ಬಂದವು. ಆ ಸಲ ಬೆಳೆ ಪೂರಾ ಕೈಸೇರಿತು. ದಢೇಸುಗೂರಿಗೆ ಒಂದು ಚೀಲ ಶೇಂಗಾ ಕೊಂಡೊಯ್ದಾಗ ಬೀಗರು ಬೆನ್ನು ತಟ್ಟಿ, "ಈಗ ಒಕ್ಕಲಿಗ ಆದ್ರಿ ನೋಡ್ರಿ" ಅಂದರು. ಮಾವ ಚಪ್ಪಲಿ ಹುಡುಕತೊಡಗಿದ. ಅದು ಅವನ ಕಾಲಲ್ಲೇ ಇತ್ತು.

ಎಳ್ಳಮಾಸಿಗೆ ಅತ್ತೆ ಬುಟ್ಟಿ ಹೊತ್ತು ಹೊರಟರೆ ಮಾವ ಅಂಗಳದ ಕಟ್ಟೆ ಬಿಟ್ಟು ಏಳಲಿಲ್ಲ. "ನೀನs ಚೆಲ್ಲು. ಆ ಉಂಡಿ ಬ್ಯಾರೆ ಕಡೆ ಇಟ್ಟಿದ್ರ ಮೂಸಿ ಬಿಡ್ತಿದ್ದವು. ಅಲ್ಲಿಟ್ರ ತಿಂತಾವಂತ ಗೊತ್ತಿತ್ತು, ಗೊತ್ತಿದ್ದs ಇಟ್ಟೆ. ಇನ್ನ ಯಾವ ಬಾಯಿಲೆ ಕರೀಲಿ?"

ಅತ್ತೆ ಚೆಲ್ಲಿದಳು. ಕೂಗದೆ ಖಾಲಿ ಬುಟ್ಟಿ ಹೊತ್ತು ತಿರುಗಿ ಬಂದಳು.

ಮಾವನನ್ನು ಕೊನೆಯ ಸಲ ಕಂಡದ್ದು ಅವನು ತೀರಿಕೊಳ್ಳುವ ಹಿಂದಿನ ತಿಂಗಳು. ಆಗ ನಾನು ಲಿಂಗಸುಗೂರಿನಲ್ಲಿ ನೌಕರಿಗಿದ್ದೆ. ಮೊಣಕಾಲು ಹಿಡಿದು ಮನೆಯಲ್ಲೇ ಕೂತಿದ್ದವನು ಹೊಲದೊಳಗೆ ಒಂದು ಸುತ್ತು ಹೋಗೋಣ ಅಂದ. ತೋಳು ಹಿಡಿದು ಕರೆದೊಯ್ದೆ. ಬೇಲಿಯ ಸಂದಿನಲ್ಲಿ ನಿಂತು ಟವೆಲು ಸರಿಮಾಡಿಕೊಂಡ. ನಾನು ಕಾದೆ. ಕೆಮ್ಮು ಬರಲಿಲ್ಲ.

"ನೀ ಕೆಮ್ಮಲೇ" ಅಂದ.

"ನಾ ಯಾಕ ಮಾವ?"

"ನನ್ನ ದನಿ ಅವಕ್ಕ ಗುರುತೈತಿ."

ನಾನು ಕೆಮ್ಮಿದೆ. ಬಳ್ಳಿಗಳ ನಡುವೆ ಏನೋ ಎದ್ದು ಸರಸರ ಸರಿದು ಹೋಯಿತು. ಅದರ ಸಪ್ಪಳ ಪೂರಾ ಅಡಗಿದ ಮೇಲೆ, ಮಾವ ಟವೆಲನ್ನು ತಲೆತುಂಬ ಹೊದ್ದು, ನನ್ನ ಬೆನ್ನ ಮರೆಯಲ್ಲಿ ತನ್ನ ಹೊಲಕ್ಕೆ ಕಾಲಿಟ್ಟ.